ಆಟದ ಖಾತೆಯೂ ಅಸ್ವಾಮಿವಿಕ್ರಯವೂ

‘ಖಾತೆ’ ಎಂಬ ಶಬ್ದವು ಕನ್ನಡದ ವ್ಯವಹಾರದಲ್ಲಿ ಬಹುಕಾಲದಿಂದ ನೆಲೆನಿಂತಿದೆ. ದಿನಸಿ ಅಂಗಡಿಯಲ್ಲಿ ನಮ್ಮ ಸಾಲವನ್ನು ಬರೆದಿಡುವ ಪುಟ ಖಾತೆ. ಬ್ಯಾಂಕಿನಲ್ಲಿ ನಮ್ಮ ಹಣದ ಲೆಕ್ಕ ಖಾತೆ. ಪಂಚಾಯತಿಯ ದಾಖಲೆಯಲ್ಲಿ ಮನೆ ನಿವೇಶನಗಳ ತೆರಿಗೆಯು ಯಾರ ಹೆಸರಿಗೆ ನಿಂತಿದೆಯೋ ಅದೂ ಖಾತೆ. ಮಂತ್ರಿಗಳಿಗೆ ಹಂಚಿಕೊಡುವ ಇಲಾಖೆಯೂ ಖಾತೆಯೇ. ಈ ನಾಲ್ಕು ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಖಾತೆ ಎಂಬುದು ಲೆಕ್ಕದ ಮಾತೇ ಹೊರತು ಒಡೆತನದ ಮಾತಲ್ಲ. ಹಣಕಾಸು ಖಾತೆಯ ಮಂತ್ರಿಗಳು ಆ ಖಾತೆಯನ್ನು ಯಾರಿಗೂ ಮಾರಲಾರರು. ನಿವೇಶನದ ಖಾತೆಯು ಹೆಸರಿನಲ್ಲಿದ್ದ ಮಾತ್ರಕ್ಕೆ ನಿವೇಶನವು ಅವನದೇ ಆಗದೆಂದು, ಅದಕ್ಕೆ ಕ್ರಯಪತ್ರವೋ ವಿಭಾಗಪತ್ರವೋ ಬೇಕೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೂ ಜನಸಾಮಾನ್ಯರ ಬಾಯಲ್ಲಿ “ಖಾತೆ ಯಾರದೋ ಸೊತ್ತು ಅವರದು” ಎಂಬ ತಿಳಿವಳಿಕೆ ಬೇರೂರಿದೆ. ಪ್ರಕೃತ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುತ್ತಿರುವುದು ಇದೇ ಸ್ಥಳದಲ್ಲಿ.

ಶಬ್ದಕ್ಕೆ ಈಗ ಐದನೆಯ ಅರ್ಥವೊಂದು ಸೇರಿದೆ. ಮೊಬೈಲ್ ದೂರವಾಣಿಯಲ್ಲಿ ಆಡುವ ಆಟಗಳಲ್ಲಿ ಆಟಗಾರನ ಹೆಸರು, ಅವನು ಏರಿದ ಮೆಟ್ಟಿಲು, ಗಳಿಸಿದ ಆಯುಧ, ಅವನ ಪಾತ್ರವು ತೊಡುವ ವೇಷಭೂಷಣ ಇವೆಲ್ಲ ಕಂಪೆನಿಯ ಯಂತ್ರದಲ್ಲಿ ದಾಖಲಾಗಿರುತ್ತವೆ. ಇದೇ ಆಟದ ಖಾತೆ. ಇಂತಹ ಖಾತೆಯನ್ನು ನಿಜವಾದ ಹಣಕ್ಕೆ ಮಾರುವುದೂ ಕೊಳ್ಳುವುದೂ ಈಗ ನಡೆಯುತ್ತಿರುವ ವ್ಯವಹಾರ. ನೂರಾರು ರೂಪಾಯಿಗಳಿಂದ ಹಿಡಿದು ಸಾವಿರಗಟ್ಟಲೆ ರೂಪಾಯಿಗಳವರೆಗೆ ಬೆಲೆ ಕಟ್ಟುತ್ತಾರೆ. ಅಪರೂಪದ ವೇಷವೊಂದು ಖಾತೆಯಲ್ಲಿದ್ದರೆ ಬೆಲೆ ಇನ್ನೂ ಮೇಲೇರುತ್ತದೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾಸರಗೋಡಿನ ದಾರಿ ಕವಲೊಡೆಯುವ ಜಾಲ್ಸೂರು ನನ್ನ ಕಡೆಯ ಊರು. ಅಲ್ಲಿ ಬಸ್ಸಿಗೆ ಕಾಯುವ ಹುಡುಗರ ಬಾಯಲ್ಲಿ ಅಡಿಕೆಯ ಧಾರಣೆಗಿಂತ ಖಾತೆಯ ಧಾರಣೆ ಹೆಚ್ಚು ಕೇಳಿಬರುತ್ತದೆ ಎಂದರೆ ಅದು ಅತಿಶಯೋಕ್ತಿಯೇನಲ್ಲ. ಹಳದಿ ಎಲೆ ರೋಗದಿಂದ ತೋಟಗಳು ಸೊರಗಿರುವ ಸುಳ್ಯದ ಸೀಮೆಯಲ್ಲಿ ಮನೆಯ ಹಿರಿಯರು ಸಾವಿರ ರೂಪಾಯಿಗೆ ಎಷ್ಟು ಬೆವರು ಸುರಿಸಬೇಕೆಂಬುದನ್ನು ಬಲ್ಲವರಿಗೆ ಈ ವಿಷಯವು ಕೇವಲ ಮಕ್ಕಳಾಟವಾಗಿ ತೋರದು.

ಇದನ್ನು ಕೇಳಿದೊಡನೆ ಹಿರಿಯರು “ಇದೆಲ್ಲ ಜೂಜು” ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ನಿರ್ಣಯವು ಸರಿಯಲ್ಲ. ರೋಗವನ್ನು ತಪ್ಪಾಗಿ ಹೆಸರಿಸಿದ ವೈದ್ಯನ ಮದ್ದು ನಾಟುವುದಿಲ್ಲ. ಜೂಜಿನಲ್ಲಿ ಪಣವುಂಟು, ಸೋಲುಗೆಲುವಿನ ಅನಿಶ್ಚಯವುಂಟು. ಕರ್ನಾಟಕ ಸರಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯೂ, 2022ರ ಫೆಬ್ರವರಿ 14ರಂದು ಅದರ ಮುಖ್ಯ ವಿಧಿಗಳನ್ನು ರದ್ದುಪಡಿಸಿದ ಉಚ್ಚ ನ್ಯಾಯಾಲಯದ ತೀರ್ಪೂ, 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯೂ ಇಂತಹ ಪಣದ ಆಟಗಳನ್ನು ಕುರಿತವು. ಖಾತೆಯ ಮಾರಾಟದಲ್ಲಿ ಪಣವಿಲ್ಲ; ಒಬ್ಬನು ಕೊಡುತ್ತಾನೆ, ಇನ್ನೊಬ್ಬನು ಕೊಳ್ಳುತ್ತಾನೆ. ಹಾಗಾದರೆ ಇದು ಯಾವ ಜಾತಿಯ ವ್ಯವಹಾರ?

ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರವು ವಿವಾದಗಳನ್ನು ಹದಿನೆಂಟು ಪದಗಳಾಗಿ ವಿಂಗಡಿಸಿದೆ. ಮನುವಿನ ಕ್ರಮದಲ್ಲಿ ದ್ಯೂತಸಮಾಹ್ವಯ, ಎಂದರೆ ಜೂಜು ಮತ್ತು ಪಣವೊಡ್ಡಿದ ಪ್ರಾಣಿಕಾಳಗ, ಕಟ್ಟಕಡೆಯದು. ಮೂರನೆಯದು ಅಸ್ವಾಮಿವಿಕ್ರಯ: ಒಡೆಯನಲ್ಲದವನು ಮಾಡಿದ ಮಾರಾಟ. ಆಟದ ಖಾತೆಯ ಪ್ರಶ್ನೆಯು ಹದಿನೆಂಟನೆಯ ಪದಕ್ಕೆ ಸೇರಿದುದಲ್ಲ, ಮೂರನೆಯದಕ್ಕೆ ಸೇರಿದುದು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಸ್ಮೃತಿಗಳ ಹೆಸರೆತ್ತಿದಾಗ ಕೆಲವರಿಗೆ ಸಂಕೋಚವಾಗುವುದು ಸಹಜ. ಅವುಗಳಲ್ಲಿರುವ ಮೇಲುಕೀಳಿನ ಮಾತುಗಳನ್ನು ಶರಣರ ನಾಡಿನವರಾದ ನಾವು ಒಪ್ಪಬೇಕಾಗಿಲ್ಲ, ಒಪ್ಪುವುದೂ ಇಲ್ಲ. ಆದರೆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದವನು. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಅದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಬಸವಣ್ಣನವರ ಕಾಲಕ್ಕೆ ತುಸು ಮುಂಚೆ, ಕನ್ನಡ ನೆಲದಲ್ಲಿ ಕುಳಿತು ಅವನು ಸ್ವತ್ತು, ಸ್ವಾಮ್ಯ, ಭೋಗಗಳ ಭೇದವನ್ನು ಬಿಡಿಸಿಟ್ಟ ಬಗೆಯು ಇಂದಿಗೂ ಬುದ್ಧಿಗೆ ಸಾಣೆ ಹಿಡಿಯುವಂತಹುದು. ಆ ಸಾಣೆಯನ್ನಷ್ಟೇ ನಾವು ಎರವಲು ಪಡೆಯೋಣ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಹುಡುಗನು ಹೇಳುತ್ತಾನೆ: “ಈ ಖಾತೆ ನನ್ನದು. ವೇಷಭೂಷಣಕ್ಕೆ ಹಣ ಕೊಟ್ಟವನು ನಾನು. ಎರಡು ವರ್ಷ ರಾತ್ರಿ ನಿದ್ದೆಗೆಟ್ಟು ಆಡಿ ಮೇಲೇರಿದವನೂ ನಾನು. ಕೊಳ್ಳುವವರು ಇದ್ದಾರೆ. ಹೀಗಿರುವಾಗ ಮಾರಲು ಅಡ್ಡಿಯೇನು?”

ಹಣ ಕೊಟ್ಟ ಮಾತ್ರಕ್ಕೆ ಸ್ವಾಮ್ಯ ಬರುವುದೇ ಎಂಬುದನ್ನು ವಿದ್ಯಾರ್ಥಿಗಳ ಜೇಬಿನಲ್ಲಿರುವ ಬಸ್ ಪಾಸಿನಿಂದಲೇ ತಿಳಿಯಬಹುದು. ಹಣ ಕಟ್ಟಿಯೇ ಪಡೆದ ಪಾಸು ಅದು. ಆದರೂ ಅದರಲ್ಲಿರುವ ಹೆಸರೂ ಭಾವಚಿತ್ರವೂ ಯಾರದೋ ಅವನು ಮಾತ್ರ ಅದರಿಂದ ಪ್ರಯಾಣ ಮಾಡಬಲ್ಲನು. ಗೆಳೆಯನಿಗೆ ಮಾರಿದರೆ ಗೆಳೆಯನಿಗೆ ಪ್ರಯಾಣವೂ ಇಲ್ಲ, ಮಾರಿದವನಿಗೆ ಪಾಸೂ ಉಳಿಯದು. ಆಟದ ಕಂಪೆನಿಗಳು ಖಾತೆ ತೆರೆಯುವಾಗಲೇ ಒಂದು ಕರಾರುಪತ್ರವನ್ನು ಮುಂದಿಡುತ್ತವೆ. ಅದನ್ನು ಓದುವವರು ವಿರಳ. ‘ಒಪ್ಪಿದೆ’ ಎಂಬ ಗುಂಡಿಯನ್ನು ಒತ್ತಿ ಮುಂದೆ ಹೋಗುವವರೇ ಎಲ್ಲ. ದೊಡ್ಡ ಕಂಪೆನಿಗಳ ಕರಾರುಗಳ ತಾತ್ಪರ್ಯವು ಬಹುಮಟ್ಟಿಗೆ ಒಂದೇ: ಖಾತೆಯೂ ಅದರೊಳಗಿನ ವಸ್ತುಗಳೂ ಕಂಪೆನಿಯವು, ಆಟಗಾರನಿಗೆ ಇರುವುದು ಬಳಸುವ ಅನುಮತಿ, ಆ ಅನುಮತಿಯನ್ನು ಪರರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು, ಕೊಟ್ಟದ್ದು ತಿಳಿದರೆ ಖಾತೆಯನ್ನು ಮುಚ್ಚಲಾಗುವುದು.

ನಮ್ಮ ದಕ್ಷಿಣ ಕನ್ನಡದವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕುಮ್ಕಿ ಎಂಬ ಪದ್ಧತಿಯುಂಟು. ಹಳೆಯ ವರ್ಗ ಜಮೀನಿನ ಎಲ್ಲೆಯಿಂದ ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ಆ ವರ್ಗದಾರನು ತೋಟಕ್ಕೆ ಸೊಪ್ಪು ಕಡಿಯಬಹುದು, ಸೌದೆ ತರಬಹುದು, ದನ ಮೇಯಿಸಬಹುದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯೂ ಈ ಸೌಲಭ್ಯವನ್ನು ಉಳಿಸಿಕೊಂಡಿದೆ. ಆದರೆ ಭೂಮಿ ಸರಕಾರದ್ದು. ಮೂರು ತಲೆಮಾರು ಸೊಪ್ಪು ಕಡಿದ ಮನೆಯವನಾದರೂ ಕುಮ್ಕಿಯ ನೆಲವನ್ನು ತನ್ನ ನೆಲವೆಂದು ಮಾರಿದರೆ ಕೊಂಡವನ ಕೈಗೆ ಸಿಕ್ಕುವುದು ಬರಿಯ ಕಾಗದ. ಭೋಗವುಂಟು, ಸ್ವಾಮ್ಯವಿಲ್ಲ. ಆಟದ ಖಾತೆಯ ಸ್ಥಿತಿಯೂ ಇದೇ.

ದುಡಿಮೆಯ ವಾದಕ್ಕೆ ಇಷ್ಟು ಸುಲಭವಾದ ಸಮಾಧಾನವಿಲ್ಲ. ಆ ವಾದದಲ್ಲಿ ಸತ್ತ್ವವಿದೆ. ನಮ್ಮ ಜಿಲ್ಲೆಯಲ್ಲಿ ಹಿಂದೆ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನಗಳಿದ್ದವು. ಮೂಲಗೇಣಿಯವನದು ಶಾಶ್ವತವಾದ ಹಕ್ಕು; ಗೊತ್ತಾದ ಗೇಣಿಯನ್ನು ಕೊಡುತ್ತಿದ್ದರೆ ಅವನು ಆ ಹಕ್ಕನ್ನು ಮಕ್ಕಳಿಗೆ ಬಿಡಬಹುದಾಗಿತ್ತು, ಮಾರಲೂಬಹುದಾಗಿತ್ತು. ಚಾಲಗೇಣಿಯವನು ವರ್ಷದಿಂದ ವರ್ಷಕ್ಕೆ ಧಣಿಯ ಇಚ್ಛೆಯಂತೆ ಉಳಿಯುವವನು. ಗುಡ್ಡ ಕಡಿದು ಗದ್ದೆ ಮಾಡಿದವನು ಅವನೇ ಆಗಿದ್ದರೂ ಎಬ್ಬಿಸಿದಾಗ ಎದ್ದು ಹೋಗಬೇಕಾಗಿತ್ತು. ಇಂದಿನ ಆಟಗಾರನು ತನ್ನನ್ನು ಮೂಲಗೇಣಿಯವನೆಂದು ಭಾವಿಸಿಕೊಂಡಿದ್ದಾನೆ. ಕರಾರುಪತ್ರದಲ್ಲಿ ಅವನು ಚಾಲಗೇಣಿಯವನು. ಅವನನ್ನು ಎಬ್ಬಿಸಿದ ಉದಾಹರಣೆಗಳಿಗೂ ಕೊರತೆಯಿಲ್ಲ. ಪಬ್‌ಜಿ ಮೊಬೈಲ್ ಆಟವನ್ನು ಭಾರತ ಸರಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದರ ಬದಲಿಗೆ 2021ರ ಜುಲೈ ತಿಂಗಳಲ್ಲಿ ಬಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಆಟವೂ 2022ರ ಜುಲೈಯಲ್ಲಿ ಅಂಗಡಿಗಳಿಂದ ಮರೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ ಆಟಕ್ಕೆ 2022ರ ಫೆಬ್ರವರಿಯಲ್ಲಿ ನಿಷೇಧ ಬಂದಿತು. ಪಬ್‌ಜಿಯ ನಿಷೇಧದ ಹಿಂದಿನ ವಾರ ಸಾವಿರಾರು ರೂಪಾಯಿ ತೆತ್ತು ಖಾತೆ ಕೊಂಡಿದ್ದವನಿಗೆ ಆ ಹಣವನ್ನು ಯಾರಲ್ಲಿ ಕೇಳಬೇಕೆಂಬುದೇ ತಿಳಿಯುವಂತಿರಲಿಲ್ಲ. ಹೊಸ ಆಟಕ್ಕೆ ಹಳೆಯ ದಾಖಲೆಯನ್ನು ಒಯ್ಯಲು ಮುಂದೆ ಕೆಲಕಾಲ ಅವಕಾಶ ದೊರೆತುದು ಕಂಪೆನಿಯ ಔದಾರ್ಯದಿಂದ, ಹಕ್ಕಿನಿಂದಲ್ಲ.

ಉಳುವವನು ಕೊನೆಗೂ ಒಡೆಯನಾದನಲ್ಲ ಎಂದು ಜಾಣ ಹುಡುಗನು ಕೇಳಬಹುದು. ಹೌದು. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಒಕ್ಕಲುಗಳು ನ್ಯಾಯಮಂಡಳಿಗಳ ಮೂಲಕ ಭೂಮಿಯ ಹಕ್ಕನ್ನು ಪಡೆದರು. ಆದರೆ ಅದು ಶಾಸನದಿಂದ ಬಂದ ಹಕ್ಕು. ರಾತ್ರೋರಾತ್ರಿ ಕದ್ದು ಮಾರಿದುದರಿಂದ ಬಂದುದಲ್ಲ. ಮೇಲಾಗಿ ಹಾಗೆ ದೊರೆತ ಭೂಮಿಯನ್ನು ಹದಿನೈದು ವರ್ಷಗಳವರೆಗೆ ಪರಭಾರೆ ಮಾಡಕೂಡದೆಂದು ಅದೇ ಕಾಯಿದೆ ಕಟ್ಟು ಹಾಕಿತ್ತು. ಮುಂದೊಂದು ದಿನ ಆಟಗಾರನಿಗೂ ಇಂತಹ ಹಕ್ಕು ಬರಲಾರದೆಂದು ನಾನು ಹೇಳುವುದಿಲ್ಲ. ಸ್ವತ್ವವು ಲೌಕಿಕವಾದುದು, ಲೋಕವ್ಯವಹಾರದಿಂದಲೇ ಸಿದ್ಧವಾಗುವುದು ಎಂದು ವಿಜ್ಞಾನೇಶ್ವರನೇ ವಾದಿಸಿದ್ದಾನೆ. ಲೋಕವು ಆ ದಾರಿಯಲ್ಲಿ ಒಂದೆರಡು ಹೆಜ್ಜೆಯನ್ನೂ ಇಟ್ಟಿದೆ. 2003ರಲ್ಲಿ ಬೀಜಿಂಗಿನ ನ್ಯಾಯಾಲಯವು ಆಟಗಾರನೊಬ್ಬನು ಕಳೆದುಕೊಂಡ ಆಟದ ಆಯುಧಗಳನ್ನು ಮರಳಿ ಕೊಡಬೇಕೆಂದು ಕಂಪೆನಿಗೆ ಆಜ್ಞಾಪಿಸಿತು. 2012ರ ಜನವರಿಯಲ್ಲಿ ನೆದರ್‌ಲೆಂಡ್ಸಿನ ಸರ್ವೋಚ್ಚ ನ್ಯಾಯಾಲಯವು, ಬಾಲಕನೊಬ್ಬನನ್ನು ಹೊಡೆದು ಬೆದರಿಸಿ ಅವನ ಆಟದ ತಾಯಿತ ಮತ್ತು ಮುಖವಾಡಗಳನ್ನು ಕಿತ್ತುಕೊಂಡುದು ಕಳವೇ ಸರಿ ಎಂದು ತೀರ್ಮಾನಿಸಿತು. ಇವೆರಡೂ ಭೋಗಕ್ಕೆ ದೊರೆತ ರಕ್ಷಣೆಗಳು. ಕುಮ್ಕಿಯ ಸೊಪ್ಪನ್ನು ಕಡಿದು ಹೊರೆ ಕಟ್ಟಿಟ್ಟವನಿಂದ ಆ ಹೊರೆಯನ್ನು ಕಿತ್ತುಕೊಂಡವನು ಅಪರಾಧಿಯೇ. ಅಷ್ಟರಿಂದ ನೆಲವು ಸೊಪ್ಪು ಕಡಿದವನದಾಗುವುದಿಲ್ಲ. ಇನ್ನೊಬ್ಬನು ಒಡೆಯನ ಕಣ್ಣೆದುರೇ ದೀರ್ಘಕಾಲ ಅನುಭವಿಸಿದರೆ ಒಡೆಯನಿಗೆ ಆಗುವ ಹಾನಿಯು ಫಲದ ಹಾನಿಯೇ ಹೊರತು ವಸ್ತುವಿನ ಹಾನಿಯಲ್ಲವೆಂದು ಮಿತಾಕ್ಷರೆಯು ಮಾಡುವ ಸೂಕ್ಷ್ಮ ವಿವೇಚನೆಯನ್ನು ಇಲ್ಲಿ ನೆನೆಯಬಹುದು.

ಈ ವ್ಯಾಪಾರ ಹೊಸದೂ ಅಲ್ಲ. ಎವರ್‌ಕ್ವೆಸ್ಟ್ ಎಂಬ ಆಟದ ಪಾತ್ರಗಳೂ ವಸ್ತುಗಳೂ ಈಬೇ ಎಂಬ ಹರಾಜು ತಾಣದಲ್ಲಿ ಬಿಕರಿಯಾಗುತ್ತಿದ್ದ ಬೆಲೆಗಳನ್ನು ಆಧರಿಸಿ ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೊವಾ 2001ರಲ್ಲಿಯೇ ಆ ಕಲ್ಪಿತ ಲೋಕದ ರಾಷ್ಟ್ರೀಯ ಉತ್ಪನ್ನವನ್ನು ಲೆಕ್ಕ ಹಾಕಿದ್ದರು. 2007ರಲ್ಲಿ ಈಬೇ ಸಂಸ್ಥೆಯೇ ಇಂತಹ ಮಾರಾಟವನ್ನು ತನ್ನ ತಾಣದಿಂದ ಹೊರಗಿಟ್ಟಿತು. ಒಡೆತನದ ಪ್ರಶ್ನೆ ಇತ್ಯರ್ಥವಾಗದ ಸರಕಿಗೆ ಬಯಲಿನಲ್ಲಿ ಜಾಗ ಸಿಕ್ಕಲಿಲ್ಲ. ಅದು ಮರೆಗೆ ಸರಿಯಿತು.

ಇಲ್ಲಿಗೆ ಯಾಜ್ಞವಲ್ಕ್ಯನ ವಿಧಿಯು ಬಹಳ ಸಮಂಜಸವಾಗಿ ಒದಗಿಬರುತ್ತದೆ. ಒಡೆಯನಲ್ಲದವನಿಂದ ಕೊಂಡ ವಸ್ತುವನ್ನು ನಿಜವಾದ ಒಡೆಯನು ಮರಳಿ ಪಡೆಯುತ್ತಾನೆ. ಬಯಲಿನಲ್ಲಿ ಕೊಳ್ಳದಿದ್ದರೆ ಕೊಂಡವನಲ್ಲಿಯೂ ದೋಷವುಂಟು. ಕೊಂಡವನನ್ನೂ ಕಳ್ಳನಂತೆ ಕಾಣಬೇಕಾದ ನಾಲ್ಕು ಲಕ್ಷಣಗಳನ್ನು ಅವನು ಹೇಳುತ್ತಾನೆ. ಮಾರುವವನು ‘ಹೀನ’ನಾಗಿರುವುದು ಮೊದಲನೆಯದು. ಈ ಶಬ್ದವನ್ನು ಕಂಡು ದುಡುಕಬಾರದು. ವಿಜ್ಞಾನೇಶ್ವರನು ಇದಕ್ಕೆ ಕುಲದ ಅರ್ಥವನ್ನು ಹೇಳದೆ, ಅಂತಹ ವಸ್ತುವನ್ನು ಪಡೆಯುವ ಉಪಾಯವೇ ಇಲ್ಲದವನು ಎಂದು ಅರ್ಥವಿಸುತ್ತಾನೆ. ಉಳಿದವು ಏಕಾಂತದಲ್ಲಿ ಕೊಳ್ಳುವುದು, ಬೆಲೆ ತೀರ ಕಡಿಮೆಯಾಗಿರುವುದು, ಹೊತ್ತಲ್ಲದ ಹೊತ್ತಿನಲ್ಲಿ ವ್ಯವಹರಿಸುವುದು. ಒಂಬೈನೂರು ವರ್ಷಗಳಷ್ಟು ಹಳೆಯ ವ್ಯಾಖ್ಯಾನವನ್ನು ಮುಂದಿಟ್ಟುಕೊಂಡು ಹುಡುಗನ ಮೊಬೈಲಿನ ಕಡೆ ನೋಡಿ. ಐವತ್ತು ಸಾವಿರ ರೂಪಾಯಿಯ ವೇಷಗಳು ಕೂಡಿರುವ ಖಾತೆಯನ್ನು ಮಾರಲು ಬಂದವನು ಒಂಬತ್ತನೆಯ ತರಗತಿಯ ಬಾಲಕನೆಂದು ಹೇಳಿಕೊಳ್ಳುತ್ತಾನೆ. ಮಾತುಕತೆ ಇಬ್ಬರ ನಡುವಿನ ಖಾಸಗಿ ಸಂದೇಶದಲ್ಲಿ. ಬೆಲೆ ಐದು ಸಾವಿರ. ಹೊತ್ತು ನಡುರಾತ್ರಿ. ನಾಲ್ಕೂ ಲಕ್ಷಣಗಳು ಒಂದೆಡೆ ಕೂಡಿದ ಮೇಲೆ ಇನ್ನೇನು ಪ್ರಮಾಣ ಬೇಕು?

ತುಳುವಿನಲ್ಲಿ ‘ಜಾಲ್’ ಎಂದರೆ ಅಂಗಳ. (ಊರ ಹೆಸರಿಗೆ ಇದನ್ನು ಹಚ್ಚುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ.) ನಮ್ಮ ಕಡೆ ಚಾಲಿ ಅಡಿಕೆ ನಲ್ವತ್ತು ದಿನಗಳಿಗೂ ಮೇಲ್ಪಟ್ಟು ಆ ಜಾಲಿನಲ್ಲಿ ಎಲ್ಲರ ಕಣ್ಣೆದುರಿಗೇ ಒಣಗುತ್ತದೆ. ಕೊಳ್ಳುವವನು ಒಂದನ್ನು ಒಡೆದು ನೋಡುತ್ತಾನೆ, ತೂಗಿಸುತ್ತಾನೆ. ಯಾವ ತೋಟದ್ದು, ಯಾರ ಮನೆಯದು ಎಂಬುದು ನೆರೆಹೊರೆಗೆಲ್ಲ ತಿಳಿದಿರುತ್ತದೆ. ಸ್ಮೃತಿಕಾರನು ‘ಪ್ರಕಾಶ’ವೆನ್ನುವುದು ಇದನ್ನೇ. ಅಂತರಜಾಲದ ಜಾಲು ಅಂತಹ ಅಂಗಳವಲ್ಲ.

ಮೋಸವು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ತಿಳಿದಿರುವುದು ಒಳ್ಳೆಯದು. ಆಟದ ಖಾತೆಯು ಸಾಮಾನ್ಯವಾಗಿ ಗೂಗಲ್, ಫೇಸ್‌ಬುಕ್ ಮೊದಲಾದ ಇನ್ನೊಂದು ಖಾತೆಗೆ ತಳುಕು ಹಾಕಿಕೊಂಡಿರುತ್ತದೆ. ಮಾರುವವನು ಅದರ ಪಾಸ್‌ವರ್ಡನ್ನು ಹೇಳುತ್ತಾನೆ. ಕೊಂಡವನು ಅದನ್ನು ಬದಲಿಸಿ, ಖಾತೆ ತನ್ನದಾಯಿತೆಂದು ತಿಳಿಯುತ್ತಾನೆ. ಆದರೆ ಖಾತೆ ತೆರೆದಾಗ ಕೊಟ್ಟ ದೂರವಾಣಿ ಸಂಖ್ಯೆ, ಮೊದಲು ಬಳಸಿದ ಉಪಕರಣ, ಹಳೆಯ ಹಣಪಾವತಿಯ ರಸೀದಿಗಳು ಇವೆಲ್ಲ ಮೊದಲಿನವನ ಬಳಿಯೇ ಉಳಿದಿರುತ್ತವೆ. ವಾರದ ಮೇಲೆ ಅವನು ‘ನನ್ನ ಖಾತೆ ಕಳವಾಗಿದೆ’ ಎಂದು ಕಂಪೆನಿಗೆ ದೂರು ಕೊಡುತ್ತಾನೆ. ಕಂಪೆನಿಯು ದಾಖಲೆ ನೋಡಿ ಅವನಿಗೇ ಹಿಂದಿರುಗಿಸುತ್ತದೆ. ಕೊಂಡವನು ಹೋಗಿ ‘ನಾನು ಹಣ ಕೊಟ್ಟಿದ್ದೇನೆ’ ಎಂದರೆ, ಮಾರಾಟವೇ ಕರಾರಿಗೆ ವಿರುದ್ಧವಾದುದರಿಂದ, ಆ ಮಾತು ಅವನಿಗೇ ಮುಳುವಾಗುತ್ತದೆ. ಇದೇ ಖಾತೆ ಮತ್ತೆ ಇನ್ನೊಬ್ಬನಿಗೆ ಮಾರಾಟವಾಗುತ್ತದೆ. ಕೆಲವೊಮ್ಮೆ ಖಾತೆಯೇ ಕದ್ದುದಾಗಿರುತ್ತದೆ: ಆಟದ ನಾಣ್ಯ ಉಚಿತವೆಂದು ಆಸೆ ತೋರಿಸುವ ಕೊಂಡಿಯನ್ನು ಒತ್ತಿ ಪಾಸ್‌ವರ್ಡ್ ತುಂಬಿದ ಯಾವನೋ ಹುಡುಗನದು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 66ಸಿ ಕಲಮಿನಂತೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಯಾಗುವ ಅಪರಾಧ. ಮಾರುವವನೂ ಸುರಕ್ಷಿತನಲ್ಲ. ತಳುಕು ಹಾಕಿದ ಗೂಗಲ್ ಖಾತೆಯನ್ನೇ ಒಪ್ಪಿಸಿದವನು ಅದರಲ್ಲಿದ್ದ ಮನೆಯವರ ಭಾವಚಿತ್ರಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ಅಪರಿಚಿತನಿಗೆ ಒಪ್ಪಿಸಿದಂತಾಯಿತು.

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು. 1872ರ ಭಾರತೀಯ ಕರಾರು ಕಾಯಿದೆಯ 11ನೆಯ ಕಲಮಿನಂತೆ ಅವರಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಅಂತಹ ಕರಾರು ಮೂಲದಲ್ಲಿಯೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ನಿರ್ಣಯಿಸಿತು. ಯಾಜ್ಞವಲ್ಕ್ಯನೂ ಬಾಲಕನು ಮಾಡಿದ ವ್ಯವಹಾರವನ್ನು ಮತ್ತನೂ ಭೀತನೂ ಮಾಡಿದ ವ್ಯವಹಾರದ ಸಾಲಿನಲ್ಲಿಟ್ಟು ಅದು ಸಿದ್ಧಿಸದೆಂದಿದ್ದಾನೆ. ಬಾಲಕನನ್ನು ಕಾಪಾಡಲು ಮಾಡಿದ ನಿಯಮವಿದು. ಆದರೆ ಹಣ ಹೋದ ಮೇಲೆ ಅದೇ ನಿಯಮದಿಂದ ಅವನ ಕರಾರಿಗೆ ಬಲವೂ ಇರುವುದಿಲ್ಲ. ತಂದೆಯ ಮೊಬೈಲಿನಿಂದ ಹೇಳದೆ ಕಳುಹಿಸಿದ ಹಣವಾದರೆ ಹುಡುಗನು ಬಾಯಿಯನ್ನೂ ಬಿಡಲಾರ. ವಂಚಕರು ನೆಚ್ಚಿಕೊಂಡಿರುವುದು ಈ ಮೌನವನ್ನೇ.

ಆದುದರಿಂದ ಹಿರಿಯರಲ್ಲಿ ಒಂದು ವಿಜ್ಞಾಪನೆ: ಮಗನು ಬಂದು ಹೇಳಿದ ದಿನ ಅವನನ್ನು ಗದರಿಸುವ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಂಡು, ಮೊದಲು 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಿ. ಸೈಬರ್ ವಂಚನೆಯ ದೂರುಗಳಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಹಣವು ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯುವ ಪ್ರಯತ್ನಕ್ಕೆ ಗಂಟೆಗಳ ಲೆಕ್ಕವೂ ಮುಖ್ಯ. ಸಂದೇಶಗಳನ್ನು ಅಳಿಸಬಾರದು, ಹಣ ಸಂದಾಯವಾದ ಯುಪಿಐ ವಿಳಾಸವನ್ನೂ ವ್ಯವಹಾರದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಕೊಂಡವನು ತನಗೆ ಮಾರಿದವನನ್ನು ತಂದು ತೋರಿಸಿದರೆ ನಿರ್ದೋಷಿಯಾಗುತ್ತಾನೆ, ಕೊಟ್ಟ ಬೆಲೆಯನ್ನೂ ಮರಳಿ ಪಡೆಯುತ್ತಾನೆ ಎಂದು ಸ್ಮೃತಿಯು ವಿಧಿಸುತ್ತದೆ. ಇಲ್ಲಿ ತೋರಿಸಲು ಮುಖವಿಲ್ಲ, ಊರಿಲ್ಲ. ಇರುವುದು ಕಟ್ಟಿಕೊಂಡ ಹೆಸರೊಂದು ಮತ್ತು ಆ ಯುಪಿಐ ವಿಳಾಸ. ಪೊಲೀಸರು ಅದರ ಜಾಡು ಹಿಡಿದು ಹೋದಾಗ ಎಷ್ಟೋ ವೇಳೆ ಸಿಕ್ಕುವವನು ನಿಜವಾದ ವಂಚಕನಲ್ಲ. ನೂರೋ ಇನ್ನೂರೋ ರೂಪಾಯಿ ಕಮಿಷನ್ನಿನ ಆಸೆಗೆ ತನ್ನ ಬ್ಯಾಂಕಿನ ಖಾತೆಯನ್ನು ಬಳಸಲು ಕೊಟ್ಟ ಇನ್ನೊಬ್ಬ ವಿದ್ಯಾರ್ಥಿ. ಅಷ್ಟರಲ್ಲಿ ಆ ಖಾತೆಯನ್ನು ಬ್ಯಾಂಕು ತಡೆಹಿಡಿದಿರುತ್ತದೆ, ಅವನ ವಿದ್ಯಾರ್ಥಿವೇತನವೂ ಅದರೊಳಗೇ ಸಿಕ್ಕಿಕೊಂಡಿರುತ್ತದೆ.